ಅಣ್ಣನ ಮುದ್ದೆ ಬಿಡಿಸಿದ ಕ್ಯಾಲ್ಸಿಯಂ

ಅಣ್ಣನ ತಟ್ಟೆಯಿಂದ ಮುದ್ದೆ ಕಿತ್ತುಕೊಂಡವಳು ನಾನೇ. ಎಂಬತ್ತರ ದಶಕ, ತಿಪಟೂರಿನ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದೆ. ನಾಲ್ಕಕ್ಷರ ಕಲಿತ ಜಂಬ ತಲೆಗೇರಿತ್ತು.

ನಮ್ಮ ಮನೆಯಲ್ಲಿ ಕೊಬ್ಬರಿ ನೋಡಿಕೊಳ್ಳುವವನು ಅಣ್ಣ. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ವರ್ಷ ತುಂಬುವ ಹೊತ್ತಿಗೆ ನೀರಿಂಗಿ, ಒಳಗೆ ಉಂಡೆ ಕೊಬ್ಬರಿಯಾಗಿ ಚಿಪ್ಪು ಬಿಡುತ್ತದೆ. ಆಯಿತೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು; ಉಂಡೆ ಲೊಡಕ್ ಎಂದರೆ ಕೊಬ್ಬರಿಯಾಯಿತು ಎಂದರ್ಥ. ಅಣ್ಣನ ಕಿವಿ ತಪ್ಪಿದ್ದೇ ಇಲ್ಲ. ಅಂಥ ಕಿವಿಯಲ್ಲಿ ಯಾರೋ ಬೈಯತೊಡಗಿದರು. ನಮಗ್ಯಾರಿಗೂ ಕೇಳಿಸದ ದನಿಗಳು. ಅವುಗಳ ಗದ್ದಲದಲ್ಲಿ ಅವನಿಗೆ ಕಾಯಿಯ ಸದ್ದು ಸಿಗದಾಯಿತು. ನೀರಿಂಗದ ಕಾಯಿಗಳನ್ನೆಲ್ಲ ಒಡೆದು ಹಾಕಿ, ಒಂದು ದಿನ ಅಟ್ಟದ ಮೂಲೆಯಲ್ಲಿ ಕೂತು ಅತ್ತ. ಡಾಕ್ಟರು ಮಾತ್ರೆ ಶುರುಮಾಡಿ ಕೆಲವು ತಿಂಗಳಾದ ಮೇಲೆ ದನಿಗಳು ಅಡಗಿದವು. ಅವ್ವ ಮತ್ತೆ ನಗತೊಡಗಿದಳು.

ಅಷ್ಟರಲ್ಲಿ ನಾನು ಬಾಯಿ ಹಾಕಿದೆ. ನರಕೋಶದ ಗೋಡೆಯಲ್ಲಿ ಕ್ಯಾಲ್ಸಿಯಂ ನುಗ್ಗುವ ಪುಟ್ಟ ಬಾಗಿಲುಗಳಿವೆ, ಅದು ಒಳಗೆ ಹೋದರೇ ಒಂದು ನರ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು, ಅಣ್ಣ ನುಂಗುವಂಥ ಕೆಲವು ಮಾತ್ರೆಗಳು ಆ ಬಾಗಿಲನ್ನೂ ಅಷ್ಟಿಷ್ಟು ಮುಚ್ಚುತ್ತವೆ ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಮನೆಗೆ ಬಂದು ಪಾಠ ಒಪ್ಪಿಸಿದೆ. ರಾಗಿಯಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ ಎಂದೂ ಸೇರಿಸಿದೆ.

"ಮಾತ್ರೆ ಬಾಗ್ಲು ಹಾಕ್ತೈತೆ, ನಾನು ಮುದ್ದೆ ಇಕ್ಕಿ ಬಾಗ್ಲು ತಳ್ಳುಸ್ತಿದ್ದೀನಲ್ಲೇ!" ಎಂದು ಅವ್ವ ಗಾಬರಿಯಾದಳು. ಅವತ್ತಿನಿಂದ ಅಣ್ಣನಿಗೆ ಮುದ್ದೆ ಬಂದ್. ಹಾಲು ಬಂದ್, ಎಲೆಯಡಿಕೆಯ ಸುಣ್ಣವೂ ಬಂದ್. ಪಂಡಿತೆಯ ಹಾಗೆ ನಾನು ತಲೆಯಾಡಿಸಿದೆ.

ಅನ್ನ ಉಂಡು ಅಟ್ಟ ಹತ್ತಿದವನು ಹತ್ತು ಗಂಟೆಗೇ ಹಸಿವೆಂದು ಇಳಿದು ಬರುತ್ತಿದ್ದ. ಮೂರನೇ ವಾರ ಮಾತ್ರೆಯನ್ನು ಪಕ್ಕಕ್ಕೆ ತಳ್ಳಿದ. "ಮುದ್ದೆ ಬುಡ್ಸೋ ಮಾತ್ರೆ ನಂಗ್ ಬ್ಯಾಡ ಕಣವ್ವ." ಎರಡು ದಿನ ಮುಟ್ಟಲೇ ಇಲ್ಲ. ಆ ದನಿಗಳು ಮತ್ತೆ ಬಂದರೆ? ಅವನನ್ನು ಬಸ್ಸು ಹತ್ತಿಸಿಕೊಂಡು ಡಾಕ್ಟರ ಹತ್ತಿರ ಓಡಿದೆ.

ನನ್ನ ಪಾಠವನ್ನೆಲ್ಲ ಕೇಳಿಯೂ ಡಾಕ್ಟರು ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. "ನೋಡಮ್ಮ, ಮುದ್ದೆ ತಿಂದರೂ ಬಿಟ್ಟರೂ ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೋ ಅಷ್ಟನ್ನು ದೇಹವೇ ನೋಡಿಕೊಳ್ಳುತ್ತೆ. ಮಾತ್ರೆಯ ಮುಖ್ಯ ಕೆಲಸ ನೀನು ಹೇಳೋ ಬಾಗಿಲಿನದೂ ಅಲ್ಲ, ಅದು ಬೇರೆ. ಹೊಟ್ಟೆ ತುಂಬ ಊಟ ಹಾಕಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ." ಮನೆಗೆ ಬಂದು ಈ ಪಾಠವನ್ನೂ ಅವ್ವನಿಗೆ ನಾನೇ ಒಪ್ಪಿಸಿದೆ.

ಆ ಸಂಜೆ ಅವ್ವ ಮುದ್ದೆ ಕಟ್ಟಿದಳು. ಅಣ್ಣ ಬಸ್ಸಾರಿನ ಜೊತೆ ಎರಡು ಮುದ್ದೆ ಇಳಿಸಿ, ಕೈ ತೊಳೆದು, ನನ್ನ ಮುಂದೆ ಅಂಗೈ ಚಾಚಿದ. "ತಾ, ಎಲ್ಲಿ ಮಾತ್ರೆ?"

ಕೆಲವು ದಿನ ಕಳೆದ ಮೇಲೆ ಅಟ್ಟದಿಂದ ನನ್ನನ್ನು ಕೂಗಿದ. ಹತ್ತಿ ಹೋದರೆ, ಒಂದು ಕಾಯಿಯನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದ. ಒಳಗೆ ಲೊಡಕ್ ಎಂದಿತು.

"ಕೇಳುಸ್ತಾ?"

"ಹೂಂ ಅಣ್ಣ."

"ನಂಗೂ ಅಷ್ಟೇ ಕಣಮ್ಮಿ ಕೇಳೋದು. ಇನ್ಯಾರೂ ಮಾತಾಡ್ತಿಲ್ಲ."