ಅಮ್ಮ ಒರಗಿ ಕೂತ ಅಂಡಿಗೆ

ದೇವರ ಮುಂದಿನ ದೀಪ ಶಾಂತವಾದಾಗ ಬತ್ತಿಯಿಂದ ಒಂದು ವಾಸನೆ ಏಳುತ್ತದಲ್ಲ, ನಿಮಗೂ ಗೊತ್ತಿರುತ್ತದೆ. ಎಣ್ಣೆ ತೀರಿ, ಬರೀ ಹತ್ತಿ ಕಮರುವ ವಾಸನೆ. ಬೇರೆಯವರ ಮನೆಯಲ್ಲಾದರೆ ಯಾರಾದರೂ ಎದ್ದು ಎಣ್ಣೆ ಹಾಕುತ್ತಾರೆ. ನಮ್ಮ ಮನೆಯಲ್ಲಿ ನಾನು ಎದ್ದು ಹಾಸಿಗೆ ಮುಟ್ಟಿ ನೋಡುತ್ತೇನೆ. ಮಡಿಸಿಟ್ಟ ಹಾಸಿಗೆ, ದಿಂಬು, ಅಟ್ಟದ ಮೇಲಿನ ಹಳೆಯ ಗಾದಿ, ಎಲ್ಲದರ ಮೇಲೂ ಅಂಗೈ ಇಟ್ಟು ಬಂದಮೇಲೆಯೇ ನನಗೆ ಸಮಾಧಾನ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಅಟ್ಟಕ್ಕೆ ಕೈ ಚಾಚಿದವನಿಗೆ ಸೊಂಟ ಹಿಡಿದುಕೊಂಡಿತು.

"ಮಾವಾ, ಏನ್ ಹುಡುಕ್ಲಿಕ್ಕತ್ತೀರಿ ಈ ವಯಸ್ನ್ಯಾಗ?" ಎಂದು ಸೊಸೆ ನಕ್ಕಳು. ನಕ್ಕರೂ ಹೋಗಿ ರಬ್ಬರಿನ ಚೀಲಕ್ಕೆ ಬಿಸಿನೀರು ತುಂಬಿ ತಂದು, "ಬೆನ್ನಿಗೆ ಇಟಗೊಂಡು ಕೂಡ್ರಿ" ಎಂದಳು. ಬೇಡವೆಂದೆ. ಬೆನ್ನಿಗೆ ಬೆಚ್ಚಗೆ ಏನಾದರೂ ತಾಗಿದರೆ ನನಗೆ ಆಗಿಬರುವುದಿಲ್ಲ. ಯಾಕೆಂದು ಅವಳು ಬಹಳ ಸಲ ಕೇಳಿದ್ದಾಳೆ, ನಾನು ಹೇಳಿಲ್ಲ. ನಿಮಗೆ ಹೇಳುತ್ತೇನೆ, ನೀವು ನಕ್ಕರೂ ನನಗೆ ಕೇಳಿಸುವುದಿಲ್ಲ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಹುಟ್ಟಾ ಪುಕ್ಕಲ. ಹೊಳೆ ದಂಡೆಯ ಮಾಧವರಂನಲ್ಲಿ ಹುಟ್ಟಿಯೂ ಮೊಳಕಾಲಿನಿಂದ ಮೇಲೆ ನೀರಿಗೆ ಇಳಿದವನಲ್ಲ. ಅಂಥವನಿಗೆ ದೇವರು ಕೊಟ್ಟ ನೌಕರಿ ಎಲ್ಲಿ ಗೊತ್ತೇ? ಆಂಧ್ರದ ಆದವಾನಿಯ ಹತ್ತಿ ಪ್ರೆಸ್ಸಿನಲ್ಲಿ. ಸರಕು ರವಾನೆಯ ಗುಮಾಸ್ತ. ಎಪ್ಪತ್ತರ ದಶಕದ ಮಾತು. ಕೌತಾಳಂ, ಹಾಲಹರವಿ ಕಡೆಯಿಂದ ಬಂಡಿಗಳಲ್ಲಿ ಹತ್ತಿ ಬರುತ್ತಿತ್ತು. ಜಿನ್ನಿನ ಯಂತ್ರ ಬೀಜ ಬಿಡಿಸುತ್ತಿತ್ತು, ಪ್ರೆಸ್ಸು ಅದನ್ನು ಹಿಂಡಿ, ಗೋಣಿ ಸುತ್ತಿ, ಕಬ್ಬಿಣದ ಪಟ್ಟಿ ಬಿಗಿದು ಅಂಡಿಗೆ ಮಾಡುತ್ತಿತ್ತು. ಮನುಷ್ಯನ ಎದೆಯೆತ್ತರದ, ಕಲ್ಲಿನಷ್ಟು ಗಟ್ಟಿಯಾದ ಆ ಅಂಡಿಗೆಗಳನ್ನು ರೈಲಿಗೋ ಲಾರಿಗೋ ಹತ್ತಿಸುವುದು ನನ್ನ ಕೆಲಸ.

ಅಲ್ಲಿ ಎಲ್ಲರಿಗೂ ಇದ್ದದ್ದು ಒಂದೇ ಭಯ. ಹತ್ತಿಯಲ್ಲಿ ಸಣ್ಣ ಕಲ್ಲು ಬಂದು ಜಿನ್ನಿಗೆ ತಾಕಿದರೆ ಕಿಡಿ ಹಾರುತ್ತದೆ. ಆ ಕಿಡಿ ಕಣ್ಣುತಪ್ಪಿಸಿ ಅಂಡಿಗೆಯೊಳಗೆ ಸೇರಿಕೊಂಡರೆ ಉರಿಯುವುದಿಲ್ಲ, ಹೊಗೆ ಬಿಡುವುದಿಲ್ಲ, ಒಳಗೊಳಗೇ ತಿನ್ನುತ್ತಾ ದಿನಗಟ್ಟಲೆ ಕೂತಿರುತ್ತದೆ. ಆಮೇಲೆ ಯಾವುದೋ ಗೋದಾಮಿನಲ್ಲಿ, ಯಾವುದೋ ರೈಲುಡಬ್ಬಿಯಲ್ಲಿ ಭಗ್ಗೆನ್ನುತ್ತದೆ. ಅದಕ್ಕೇ ಹೊಸ ಅಂಡಿಗೆಯನ್ನು ಯಾರೂ ನೆರಳಿಗೆ ಒಯ್ಯುತ್ತಿರಲಿಲ್ಲ. ಬಯಲಿನಲ್ಲಿ ಒಂದೊಂದನ್ನೂ ದೂರದೂರ ನಿಲ್ಲಿಸಿ, ಆರೆಂಟು ದಿನ ಕಾದು, ಅಂಗೈ ಇಟ್ಟು, ಮೂಸಿ, ಆಮೇಲೆಯೇ ಒಳಗೆ. ಇನ್ನೊಂದು ಕಟ್ಟುಪಾಡೂ ಇತ್ತು. ಕಾಂಪೌಂಡಿನೊಳಗೆ ಬೆಂಕಿ ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಕತ್ತಲಾದ ಮೇಲೆ ಹಾವನ್ನು ಹುಳ ಎನ್ನುವುದಿಲ್ಲವೇ, ಹಾಗೆ ಅದನ್ನು ಕೆಂಪಕ್ಕ ಎನ್ನುತ್ತಿದ್ದರು.

ನಾನು ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ವಾಸನೆ ಬಂತೆಂದು "ಕೆಂಪಕ್ಕ ಬಂದಾಳ" ಎಂದು ಕೂಗಿಬಿಟ್ಟೆ. ಪ್ರೆಸ್ಸು ನಿಂತಿತು, ಎಲ್ಲರೂ ಬಕೀಟು ಹಿಡಿದು ಓಡಿಬಂದರು. ನೋಡಿದರೆ ಹಮಾಲರ ಹೆಂಗಸರು ಗೋಡೆಯ ಆಚೆ ಶೇಂಗಾ ಸುಡುತ್ತಿದ್ದರು. ಅಂದಿನಿಂದ ನನ್ನನ್ನು ಕಂಡವರೆಲ್ಲ ಮೂಗು ಹಿಡಿದು ನಗುವುದು ವಾಡಿಕೆಯಾಯಿತು.

ಆ ವರ್ಷ ಊರಿನಲ್ಲಿ ಸರಕು ಸಾಗಣೆಯ ಸಮ್ಮೇಳನ ನಡೆಯಿತು. ರೈಲ್ವೆಯವರು, ಲಾರಿ ಮಾಲೀಕರು, ಗೋದಾಮಿನವರು, ವಿಮೆಯವರು, ಬಳ್ಳಾರಿ ರಾಯಚೂರುಗಳ ಹತ್ತಿ ದಲಾಲರು ಎಲ್ಲರೂ ಒಂದೇ ಶಾಮಿಯಾನದ ಕೆಳಗೆ ಸೇರಿ, ಹೊಲದ ಹತ್ತಿ ಗಿರಣಿ ಮುಟ್ಟುವವರೆಗೆ ಎಲ್ಲೆಲ್ಲಿ ತಡವಾಗುತ್ತದೆ ಎಂದು ಮಾತಾಡುವುದು. ಸುತ್ತ ಮಳಿಗೆಗಳು. ತಾಡಪಾಲಿನವನು ತಾಡಪಾಲು ಹರವಿದ್ದ, ತಕ್ಕಡಿಯವನು ತಕ್ಕಡಿ ತೂಗುಹಾಕಿದ್ದ. ನಮ್ಮ ಪ್ರೆಸ್ಸಿನ ಮಾಲೀಕರಾದ ಶೆಟ್ಟರಿಗೆ ನಮ್ಮದೂ ಒಂದು ಮಳಿಗೆ ಬೇಕೆನಿಸಿತು. ಅದರಲ್ಲಿ ಏನಿಡುವುದು? ಹಂಗಾಮಿನ ಮೊದಲ ಅಂಡಿಗೆಗೆ ಅರಿಶಿನ ಕುಂಕುಮ ಹಚ್ಚಿ, ಮಾಲೆ ಹಾಕಿ, ಕಾಯಿ ಒಡೆಯುವುದು ನಮ್ಮಲ್ಲಿ ಪದ್ಧತಿ. ಪೂಜೆಗೊಂಡ ಆ ಅಂಡಿಗೆಯೇ ಲಕ್ಷ್ಮಿ, ಅದೇ ಇರಲಿ ಎಂದರು.

ಅದನ್ನು ಹಿಂಡಿದ್ದು ಮೊನ್ನೆಯಷ್ಟೇ. ಅವತ್ತು ಜಿನ್ನಿನಲ್ಲಿ ಒಂದು ಕಿಡಿಯೂ ಹಾರಿತ್ತು. ನೀರು ಹಾಕಿ ಆರಿಸಿದ್ದೆವು. ಫೋರ್‌ಮನ್ ಮಹಬೂಬ ಸಾಬರು ತಲೆ ಕೆರೆದುಕೊಂಡು, "ಸೇಠ್, ಬಯಲಾಗಿನ ಗಡುವು ಇನ್ನಾ ಮುಗಿದಿಲ್ರಿ" ಎಂದರು. "ಲಕ್ಷ್ಮೀನ ಬಿಸಲಾಗ ನಿಂದರಸ್ತೀ ಏನು?" ಎಂದರು ಶೆಟ್ಟರು. ಲಕ್ಷ್ಮಿಯ ಹೆಸರು ಬಂದಮೇಲೆ ಯಾರು ಏನನ್ನಬೇಕು? ಮಳಿಗೆಗೆ ನನ್ನನ್ನೇ ನಿಲ್ಲಿಸಿ ಹೋಗುವಾಗ ಶೆಟ್ಟರು ಬೆರಳೆತ್ತಿ ಹೇಳಿದರು: "ನೋಡಪ್ಪ ಆಚಾರಿ, ದೊಡ್ಡ ದೊಡ್ಡವರು ಬರ್ತಾರ. ಇವತ್ತೊಂದಿನ ನಿನ್ನ ಮೂಗು ಮನ್ಯಾಗಿಟ್ಟು ಬಾ. ಶೇಂಗಾದ ಕಥಿ ಇನ್ನೊಮ್ಮೆ ಆದ್ರ ಊರಿಗೆ ಹೋಗಿ ಗುಡ್ಯಾಗ ಗಂಟಿ ಬಾರಿಸು."

ಮಗ ಸಮ್ಮೇಳನದಲ್ಲಿ ಮಳಿಗೆ ಹಾಕಿದ್ದಾನೆ ಎಂಬ ಸುದ್ದಿ ಮಾಧವರಂ ಮುಟ್ಟಿ, ಅಮ್ಮ ಬೆಳಗಿನ ಬಸ್ಸು ಹಿಡಿದು ಬಂದಳು. ಕೈಯಲ್ಲಿ ಚಕ್ಕುಲಿಯ ಡಬ್ಬಿ. ಮಾರ್ಗಶಿರದ ಚಳಿ, ಬಸ್ಸಿನ ಕುಲುಕಾಟ, ಬೆನ್ನು ಹಿಡಿದುಕೊಂಡಿದೆ ಎಂದಳು. ಅಂಡಿಗೆಯ ಹಿಂದೊಂದು ಬೆಂಚಿತ್ತು. ಅದರ ಮೇಲೆ ಕೂತು, ಅಂಡಿಗೆಗೆ ಒರಗಿ, ಕಾಲು ಚಾಚಿ, "ಹಾಂ, ಇಲ್ಲಿ ಛಲೋ ಅದ" ಎಂದಳು. ಬಂದವರೆಲ್ಲರಿಗೂ ನಾನು ತನ್ನ ಮಗನೆಂದು ಹೇಳುವ ಕೆಲಸವನ್ನು ತಾನೇ ವಹಿಸಿಕೊಂಡಳು. ನನಗೆ ನಾಚಿಕೆ, ಒಳಗೊಳಗೆ ಹಿಗ್ಗು.

ವೇದಿಕೆಯ ಮೇಲೆ ರೈಲ್ವೆಯ ಸಾಹೇಬರು ಮಾತು ಶುರುಮಾಡಿದ್ದರು. ಶಾಮಿಯಾನ ಕಿಕ್ಕಿರಿದು ತುಂಬಿತ್ತು. ಶಾಲೆಯ ಮಕ್ಕಳನ್ನೂ ತಂದು ಮುಂದೆ ಕೂರಿಸಿದ್ದರು. ಆಗ ನನ್ನ ಮೂಗಿಗೆ ಏನೋ ಬಡಿಯಿತು. ಇಲ್ಲ, ಇಲ್ಲ, ಶೇಂಗಾ ಎಂದುಕೊಂಡೆ. ಉಸಿರು ಬಿಗಿಹಿಡಿದೆ. ಎಷ್ಟು ಹೊತ್ತು ಹಿಡಿಯಲಾದೀತು? ಬಿಟ್ಟಾಗ ಮತ್ತೆ ಅದೇ. ಕೂಗಿದೆನೋ, ಆ ಒಂದೇ ಬಾಗಿಲಿಗೆ ಅಷ್ಟೂ ಜನ ನುಗ್ಗುತ್ತಾರೆ, ಮಕ್ಕಳು ಕಾಲಡಿ ಬೀಳುತ್ತವೆ. ಕೂಗದಿದ್ದರೆ, ತಲೆಯ ಮೇಲೆ ಇರುವುದೆಲ್ಲ ಬಟ್ಟೆ, ಸುತ್ತ ಇರುವುದೆಲ್ಲ ಬಟ್ಟೆ.

ಆಗ ಅಮ್ಮ ಕೂತಲ್ಲಿಂದಲೇ ಕೇಳಿದಳು: "ಇಲ್ಲಿ ದೇವರನ್ನ ಎಲ್ಲಿ ಇಟ್ಟೀರೋ? ದೀಪ ಶಾಂತ ಆಗೇದ ನೋಡು. ಬತ್ತಿ ವಾಸನಿ ಬರ್ಲಿಕ್ಕತ್ತದ."

ಅಲ್ಲಿ ದೀಪ ಇರಲಿಲ್ಲ. ಹತ್ತಿಯ ಮಳಿಗೆಯಲ್ಲಿ ದೀಪ ಹಚ್ಚುವವರು ಯಾರು?

ಶೆಟ್ಟರ ಬಳಿ ಹೋಗಿ ಕಿವಿಯಲ್ಲಿ ಹೇಳಿದೆ. ಅವರು ನನ್ನ ಕಡೆ ತಿರುಗದೆ, ಮುಖದ ನಗೆಯನ್ನೂ ಕೆಡಿಸಿಕೊಳ್ಳದೆ, "ಮಳ್ಳೀ ಮೊದಲುಪೆಟ್ಟಾವಾ?" ಎಂದರು. ಮತ್ತೆ ಶುರು ಹಚ್ಚಿದೆಯಾ ಎಂದು. ಸಿಟ್ಟು ಬಂದಾಗ ಅವರಿಗೆ ತೆಲುಗೇ ಬರುತ್ತಿತ್ತು.

ಮಹಬೂಬ ಸಾಬರನ್ನು ಹುಡುಕಿ ತಂದೆ. ಅವರು ಅಂಡಿಗೆಯ ಮುಂದೆ ಅಂಗೈ ಇಟ್ಟರು, ಎಡಕ್ಕೆ ಇಟ್ಟರು, ಬಲಕ್ಕೆ ಇಟ್ಟರು. ಅಮ್ಮ ಒರಗಿದ್ದ ಕಡೆ ಮಾತ್ರ ಇಡಲಿಲ್ಲ. ಪರರ ಮನೆಯ ಹಿರಿಯ ಹೆಣ್ಣುಮಗಳು ಕೂತಲ್ಲಿಗೆ ಕೈ ಚಾಚುವುದು ಹೇಗೆ? ಎದ್ದೇಳಮ್ಮ ಎನ್ನಲು ನನಗೂ ತೋಚಲಿಲ್ಲ. "ತಣ್ಣಗೈತಿ" ಎಂದರು ಸಾಬರು. "ಮೂಸೋಣಂದ್ರ ನಂದು ನಶ್ಯದ ಮೂಗು, ಸುಟ್ಟು ಹೋಗೈತಿ." ಅರೆಕ್ಷಣ ನಿಂತು, ನೆಲ ನೋಡುತ್ತಾ ಅಮ್ಮನನ್ನು ಕೇಳಿದರು: "ಅಮ್ಮಾರ, ನಿಮಗೂ ಬಂತೇನ್ರಿ ವಾಸನಿ?"

"ಹುಟ್ಟಿದಾಗಿಂದ ಬತ್ತಿ ಹೊಸೆದಾಕಿ ನಾನು. ನನಗ ತಿಳಿಯಂಗಿಲ್ಲೇನಪ್ಪಾ?" ಎಂದಳು ಅಮ್ಮ.

ಸಾಬರ ಮುಖ ಬಿಳುಪೇರಿದ್ದನ್ನು ನಾನು ಕಂಡೆ. ಅವರಿಗೂ ನನ್ನಷ್ಟೇ ಹೆದರಿಕೆಯಾಗಿತ್ತು. ಅದನ್ನು ಕಂಡು ನನ್ನ ಹೆದರಿಕೆ ಎರಡು ಪಟ್ಟಾಯಿತು. ಹೊರಗೆ ಚಹಾ ಕುಡಿಯುತ್ತಿದ್ದ ಹಮಾಲರನ್ನು ಕರೆದು, "ಅವಸರ ಮಾಡಬ್ಯಾಡ್ರಿ, ಓಡಬ್ಯಾಡ್ರಿ, ಹಾಡ್ಕೋತ ಉರುಳಿಸ್ಕೊಂಡು ಹೋಗ್ರಿ. ಮೆರವಣಿಗಿ ಇದ್ದಂಗಿರಲಿ" ಎಂದರು. ಅಮ್ಮನನ್ನು ಎಬ್ಬಿಸಿದೆ. ಹಮಾಲರು ಕೊಕ್ಕೆ ಹಾಕಿದರು. ಐಸಾ, ಹೊಯ್ಸಾ ಎನ್ನುತ್ತಾ, ಮಾಲೆ ಸಮೇತ ಲಕ್ಷ್ಮಿ ಮಗುಚುತ್ತಾ ಮಗುಚುತ್ತಾ ಜನರ ನಡುವೆ ಹೊರಟಳು. ಭಾಷಣ ನಿಂತಿತು. ಶೆಟ್ಟರು ಎದ್ದು ನಿಂತರು. ರೈಲ್ವೆ ಸಾಹೇಬರು ಇದೂ ಪ್ರದರ್ಶನದ ಒಂದು ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದಕ್ಕೆ ಎಲ್ಲರೂ ತಟ್ಟಿ ದಾರಿ ಬಿಟ್ಟರು. ಅಂಡಿಗೆ ಮಕ್ಕಳ ಪಕ್ಕದಲ್ಲೇ ಹಾದುಹೋಯಿತು. ಒಬ್ಬ ಹುಡುಗಿ ಕೈ ಚಾಚಿ ಮಾಲೆಯ ಒಂದು ಚೆಂಡುಹೂ ಕಿತ್ತುಕೊಂಡಳು. ಹಿಂದೆ ನಾನು ನೀರಿನ ಕೊಡ ಹೊತ್ತು ನಡೆಯುತ್ತಿದ್ದೆ. ಅರ್ಧ ನೀರು ನನ್ನ ಧೋತರದ ಮೇಲೆಯೇ ಚೆಲ್ಲಿತ್ತು.

ಊರಾಚೆಯ ಬಯಲಿನಲ್ಲಿ ಅದನ್ನು ಒಂಟಿಯಾಗಿ ನಿಲ್ಲಿಸಿ ದೂರ ಕೂತೆವು. ಬಿಚ್ಚುವಂತಿಲ್ಲ, ಗಾಳಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಕಾಯಬೇಕು. ಬಿಸಿಲು ಏರಿ ಇಳಿಯಿತು, ಏನೂ ಆಗಲಿಲ್ಲ. ಸುಳ್ಳಾಗಲಿ ಎಂದು ರಾಯರಿಗೆ ಹರಕೆ ಹೊತ್ತೆ. ಸುಳ್ಳಾದರೆ ನೌಕರಿ ಹೋಗುತ್ತದಲ್ಲ ಎಂದು ಮರುಕ್ಷಣವೇ ಹೆದರಿದೆ. ಯಾವುದನ್ನು ಬೇಡಿಕೊಂಡೆನೆಂದು ರಾಯರಿಗೂ ತಿಳಿದಿರಲಿಕ್ಕಿಲ್ಲ. ಹೊತ್ತು ಇಳಿಯುವಾಗ ಶೆಟ್ಟರು ಬುಸುಗುಡುತ್ತಾ ಬಂದರು. ಬಾಯಿ ತೆರೆದವರು ಹಾಗೆಯೇ ನಿಂತರು. ಗೋಣಿಯ ಮೇಲೆ ರೊಟ್ಟಿಯಗಲದ ಕಂದು ಕಲೆ ಮೂಡಿತ್ತು. ನಮ್ಮೆದುರಿಗೇ ಅದರ ನಡುವೆ ಕಪ್ಪಾಗಿ, ಒಂದು ಎಳೆ ಹೊಗೆ ಎದ್ದಿತು. ಶೆಟ್ಟರು ಮಣ್ಣಿನಲ್ಲೇ ಕುಕ್ಕರಿಸಿದರು. "ನಾಳಿಂದ ಮೂಗು ತಗೊಂಡ ಬಾರಪ್ಪ" ಎಂದರು. ಯಾರೂ ನಗಲಿಲ್ಲ.

ಸಂಜೆಯ ಬಸ್ಸಿಗೆ ಅಮ್ಮನನ್ನು ಹತ್ತಿಸಲು ಹೋದೆ. ಕಿಟಕಿಯ ಪಕ್ಕ ಕೂತು ಅವಳು ಸೆರಗು ಹೊದ್ದುಕೊಂಡಳು.

"ಬೆನ್ನು ಹೆಂಗದಮ್ಮ?" ಎಂದು ಕೇಳಿದೆ.

"ಈಗ ಮತ್ತ ಹಿಡ್ಕೊಂಡದೋ. ಅಲ್ಲಿ ಕೂತಾಗ ಎಷ್ಟು ಹಿತ ಆಗಿತ್ತು. ನಿಮ್ಮ ಅಂಡಿಗಿ ಛಲೋ ಬೆಚ್ಚಗಿತ್ತು ನೋಡು. ಬಿಸಲಾಗಿಂದ ತಂದಿಟ್ಟೀರೇನೋ ಅಂದ್ಕೊಂಡೆ. ಅದಕ್ಕ ಅಲ್ಲಿಂದ ಏಳಲೇ ಇಲ್ಲ ನಾನು."

ಬಸ್ಸು ಹೊರಟಿತು. ಕಲೆ ಮೂಡಿದ್ದು ಯಾವ ಕಡೆಗೆಂದು ನಾನು ಅವಳಿಗೆ ಹೇಳಲಿಲ್ಲ. ಅವಳು ಬದುಕಿರುವ ತನಕ ಹೇಳಲಿಲ್ಲ. ಅವಳು ಮಾತ್ರ ಚಳಿ ಬಂದಾಗಲೆಲ್ಲ ಆ ಅಂಡಿಗೆಯನ್ನು ನೆನೆಸುತ್ತಿದ್ದಳು. ಆಗೆಲ್ಲ ನಾನು ಏನಾದರೂ ನೆವ ಮಾಡಿ ಎದ್ದು ಹೊರಗೆ ಹೋಗುತ್ತಿದ್ದೆ.

ಇಷ್ಟು ಬರೆಯುವಷ್ಟರಲ್ಲಿ ಸೊಂಟ ಮರದಂತಾಗಿದೆ. ಸೊಸೆ ದೀಪಕ್ಕೆ ಎಣ್ಣೆ ಹಾಕಿ, ಹೊಸ ಬತ್ತಿ ಇಟ್ಟು, ನನ್ನನ್ನೊಮ್ಮೆ ನೋಡಿ, ಬಿಸಿನೀರಿನ ಚೀಲವನ್ನು ಮತ್ತೆ ತಂದು ಕುರ್ಚಿಯ ಮೇಲಿಟ್ಟು ಹೋದಳು. ಸುಮಾರು ಹೊತ್ತು ಅದನ್ನೇ ನೋಡಿದೆ. ಅಂಗೈ ಇಟ್ಟು ನೋಡಿದೆ. ಆಮೇಲೆ ಬೆನ್ನಿಗೆ ಕೊಟ್ಟುಕೊಂಡು, ಒರಗಿ, ಕಾಲು ಚಾಚಿದೆ. ಅಮ್ಮ ಹೇಳಿದ್ದು ನಿಜ, ಬಹಳ ಹಿತವಾಗಿತ್ತು. ಆದರೂ ಎರಡು ಸಲ ಹಿಂದೆ ತಿರುಗಿ ನೋಡಿದೆ.