ಮಾದಲದ ಮೊದಲ ಹಣ್ಣು

ನಮ್ಮ ಅತ್ತೆಗೆ ಡಾಕ್ಟರರಿಗಿಂತ ಮರದ ಮೇಲೆ ನಂಬಿಕೆ ಹೆಚ್ಚು. ತೆಲುಗರ ರಾಜ್ಯ ಇನ್ನೂ ಎರಡಾಗಿ ಒಡೆದಿರದ ಕಾಲ. ಮದುವೆಯಾಗಿ ಮಲ್ಕಾಜ್‌ಗಿರಿಯ ಮನೆಗೆ ಬಂದು ವರ್ಷಗಳಾದರೂ ನನಗೆ ಮಕ್ಕಳಾಗಿರಲಿಲ್ಲ. ಆಸ್ಪತ್ರೆಗೆ ಹೋಗೋಣವೆಂದರೆ ರೈಲ್ವೆಯಲ್ಲಿದ್ದ ನನ್ನ ಗಂಡ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಅತ್ತೆ ಕಲಬುರ್ಗಿಯ ಕಡೆಯ ತಮ್ಮ ತವರಿನಿಂದ ಒಂದು ಮಾದಲದ ಸಸಿ ತಂದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಟ್ಟರು. ನಿಂಬೆಯ ಜಾತಿಯದೇ. ಆದರೆ ಹಣ್ಣು ತೆಂಗಿನಕಾಯಿಯಷ್ಟು, ಸಿಪ್ಪೆ ಬೆರಳು ದಪ್ಪ, ಮೈಯೆಲ್ಲ ಗಂಟು. ನಮ್ಮ ಓಣಿಯಲ್ಲಿ ಅದನ್ನು ಕಂಡವರೇ ಇರಲಿಲ್ಲ.

"ಇದರ ಮೊದಲನೇ ಹಣ್ಣು ನಿನ್ನ ಉಡಿಯಾಗ ಹಾಕ್ತೀನಿ. ವರ್ಷ ತುಂಬೂದ್ರಾಗ ತೊಟ್ಟಿಲಾ ಕಟ್ಟತೀವಿ, ನೋಡವಾ," ಎಂದರು ಅತ್ತೆ.

ಭಲೇ! ಔಷಧ ಇಷ್ಟು ಸುಲಭವಿದ್ದರೆ ಆಸ್ಪತ್ರೆಯವರೆಲ್ಲ ಸಸಿ ಮಾರಿಕೊಂಡಿರಬಹುದಿತ್ತು. ಮನಸ್ಸಿನಲ್ಲೇ ನಕ್ಕೆ. ಸುಳ್ಳೇಕೆ ಹೇಳಲಿ, ಆಸೆಯೂ ಆಯಿತು. ಮಗುವಿನ ಮಾತು ಹಾಗಿರಲಿ, ಓಣಿಯ ಹೆಂಗಸರ ನಡುವೆ ಮಣೆಯ ಮೇಲೆ ಕೂತು, ಸೆರಗೊಡ್ಡಿ, ಉಡಿ ತುಂಬಿಸಿಕೊಳ್ಳುವ ಆಸೆ. ಖಣ, ಅಕ್ಕಿ, ಉತ್ತತ್ತಿಗಳನ್ನು ಅವರಿವರ ಉಡಿಗೆ ಹಾಕುವಾಗ ತಟ್ಟೆ ಹಿಡಿದು ನಿಲ್ಲುವುದೇ ಅಲ್ಲಿಯವರೆಗೆ ನನ್ನ ಕೆಲಸವಾಗಿತ್ತು.

ಗಿಡದ ಚಾಕರಿಯೂ ನನ್ನದೇ ಆಯಿತು. ಒಂದು ದಿನ ಬಿಟ್ಟು ಒಂದು ದಿನ ಬರುವ ನಳದ ನೀರಿನಲ್ಲಿ ಅದರ ಕೊಡ ತೆಗೆದಿಟ್ಟು ಆಮೇಲೆ ನಮ್ಮ ಸ್ನಾನ. ಎಲೆ ತಿನ್ನುವ ಹಸಿರು ಹುಳ ಆರಿಸಿ ಎಸೆಯುವವಳು ನಾನು, ಮುಳ್ಳಿನಿಂದ ಕೈ ಗೀರಿಸಿಕೊಳ್ಳುವವಳು ನಾನು. ಬಂದ ನೆಂಟರು ಮೊದಲು ಗಿಡ ನೋಡುತ್ತಿದ್ದರು, ಆಮೇಲೆ ನನ್ನ ಹೊಟ್ಟೆ. "ಇನ್ನೂ ಏನೂ ಇಲ್ಲೇನ್ರಿ?" ಎಂದು ಅತ್ತೆಯನ್ನು ಕೇಳುತ್ತಿದ್ದರು. ಅಲ್ಲೇ ನಿಂತಿದ್ದ ನನಗೆ ಕಿವಿಯಿಲ್ಲವೆಂದು ತಿಳಿದಿದ್ದರೋ ಏನೋ.

ಗಿಡ ಮರವಾಯಿತು. ಹೂವಿಲ್ಲ, ಕಾಯಿಲ್ಲ. ಅತ್ತೆ ರೇಗಿ, ಒಂದು ಹರಿದ ಚಪ್ಪಲಿಯನ್ನು ಸುತಳಿಯಿಂದ ಕೊಂಬೆಗೆ ಕಟ್ಟಿದರು. ಕಾಯಿ ಬಿಡದ ಮರಕ್ಕೆ ಹಾಗೆ ಮಾಡುವುದು ಅವರ ಕಡೆಯ ಪದ್ಧತಿ.

"ನಾಚಿಕಿ ಬರಬೇಕದಕ್ಕ. ತಿಂದುಂಡು ಸುಮ್ನ ನಿಂತರ ಹೆಂಗ?" ಎಂದು ನನ್ನ ಕಡೆ ತಿರುಗಿಯೇ ಹೇಳಿದರು.

ಮರ ತಿಂದದ್ದು ಸಗಣಿ ಗೊಬ್ಬರ. ನಾನು ತಿಂದದ್ದು ಇವರಿಗೆಲ್ಲ ಬಿಸಿ ರೊಟ್ಟಿ ಬಡಿದು ಹಾಕಿ ಉಳಿದದ್ದು. ಪುಣ್ಯಕ್ಕೆ ನನ್ನ ಕೊರಳಿಗೆ ಚಪ್ಪಲಿ ಕಟ್ಟಲಿಲ್ಲ.

ಮರುವರ್ಷ ಮರ ಹೂ ಬಿಟ್ಟು ಕಾಯಿ ಕಚ್ಚಿತು. ಚಪ್ಪಲಿಗೆ ಹೆದರಿತೆಂದು ಅತ್ತೆ ಓಣಿ ತುಂಬ ಸಾರಿದರು. ನಾನು ಹೊತ್ತು ಹಾಕಿದ ಕೊಡಗಳ ಸುದ್ದಿ ಯಾರೂ ಎತ್ತಲಿಲ್ಲ. ಮೊದಲ ಹಣ್ಣು ಹಳದಿಗೆ ತಿರುಗಿದಾಗ ಒಂದು ಶುಕ್ರವಾರ ಹೆಂಗಸರನ್ನು ಕರೆದರು. ನಾನು ಇಳಕಲ್ ಸೀರೆ ಉಟ್ಟು, ಮಣೆ ಹಾಕಿ, ಇನ್ನೇನು ಕೂಡಬೇಕು.

"ನೀ ಕೂಡಬ್ಯಾಡವಾ," ಎಂದರು ಅತ್ತೆ. "ಮೊದಲನೇ ಹಣ್ಣು ಮಕ್ಕಳಿದ್ದಾಕಿ ಉಡಿಯಾಗ ಬೀಳಬೇಕಂತ. ಇಲ್ಲಂದ್ರ ಮರ ಮತ್ತ ಬಂಜಿ ಆಗತೈತಿ."

ಊರಿನ ಇನ್ನೊಂದು ತುದಿಯ ಕೂಕಟ್‌ಪಲ್ಲಿಯ ಫ್ಲ್ಯಾಟಿನಿಂದ ಆಟೋದಲ್ಲಿ ಬಂದಿಳಿದಿದ್ದ ಮೈದುನನ ಹೆಂಡತಿಯನ್ನು ಮಣೆಯ ಮೇಲೆ ಕೂಡಿಸಿದರು. ಎರಡು ಮಕ್ಕಳ ತಾಯಿ. ಆ ಮರಕ್ಕೆ ಒಂದು ಚೆಂಬು ನೀರು ಹಾಕಿದವಳಲ್ಲ. ಅವಳದೇನು ತಪ್ಪು, ಪಾಪ, ನನ್ನ ಮುಖ ನೋಡಲಾರದೆ ತಲೆ ತಗ್ಗಿಸಿದ್ದಳು. ತಟ್ಟೆ ಹಿಡಿದು ನಿಂತವಳು ನಾನೇ.

ಮರುದಿನ ಅತ್ತೆ ಗುಡಿಗೆ ಹೋದದ್ದೇ ತಡ, ಮರದಲ್ಲಿ ಉಳಿದ ಕಾಯಿಗಳನ್ನೆಲ್ಲ ಕಿತ್ತೆ. ಹೋಳು ಮಾಡಿ, ಉಪ್ಪು, ಖಾರ, ಮೆಂತ್ಯ ಹಾಕಿ ಭರಣಿ ತುಂಬಿದೆ. ಗುಡಿಯಿಂದ ಬಂದವರು ಬರಿದಾದ ಮರ ಕಂಡು ಕೂಗಿದರು. "ಅಯ್ಯ ಶಿವನೇ! ಬಂಜಿ ಕೈ ಹಚ್ಚಿದ್ಯಲ್ಲ ಮರಕ್ಕ!"

"ನೀರ ಹಾಕಾಗ ಇದ ಕೈ ಇತ್ತಲ್ಲರಿ, ಅತ್ತ್ಯಾರ?" ಎಂದೆ. ಅತ್ತೆ ಸೆರಗು ಕೊಡವಿ ಒಳಗೆ ಹೋದರು.

ಉಪ್ಪಿನಕಾಯಿ ಹದಕ್ಕೆ ಬಂದರೂ ಅತ್ತೆ ಅದನ್ನು ಮುಟ್ಟಲಿಲ್ಲ. ಆದರೆ ನಾಲಗೆಗೆ ಎಷ್ಟು ದಿನದ ಮಡಿ? ಒಂದು ಮಧ್ಯಾಹ್ನ ಮೊಸರನ್ನ ಕಲಸಿಕೊಂಡು, ಎತ್ತಲೋ ನೋಡುತ್ತ ತಟ್ಟೆ ಚಾಚಿದರು. ಒಂದು ಹೋಳು ಹಾಕಿದೆ. ಚೀಪಿ, ಬೆರಳು ನೆಕ್ಕಿದರು.

"ಭಾಳ ಚೊಲೊ ಆಗೈತಿ. ಇನ್ನೊಂದು ಹಾಕವಾ."

ಭರಣಿಯ ಬಾಯಿಗೆ ಬಟ್ಟೆ ಬಿಗಿದೆ.

"ಮಕ್ಕಳಿದ್ದಾಕಿನ್ನ ಕರಸ್ರಿ," ಎಂದೆ. "ಆಕಿ ಕೈಲೆ ಹಾಕಿಸ್ಕೊಳ್ರಿ."