ಗಾಳಿ ಹೊದಿಸದ ಭೂಮಿ

ಭಾನುವಾರ, ಸಂಜೆ ಐದೂವರೆ. ಮಳವಳ್ಳಿಯ ಮನೆಯ ಜಗಲಿಯಲ್ಲಿ ನಾನು, ನಮ್ಮ ಯಜಮಾನರು, ಇಬ್ಬರೇ. ಪಕ್ಕದ ಗದ್ದೆಯಲ್ಲಿ ಕಬ್ಬು ಕಡಿದಾಗಿತ್ತು; ಒಣಗಿದ ತರಗಿಗೆ ಬೆಂಕಿ ಇಟ್ಟಿದ್ದರು. ಆ ಹೊಗೆ ಮೂಗಿಗೆ ತಾಗಿದ್ದೇ ತಡ, ಮದ್ದೂರಿನ ಕಾಲೇಜಿನ ಕೊಠಡಿ ಕಣ್ಣ ಮುಂದೆ ಬಂತು. ಅದರ ಕಿಟಕಿಯಾಚೆಯೂ ಕಬ್ಬಿನ ಗದ್ದೆ. ಒಳಗೆ ನಮ್ಮ ಫಿಸಿಕ್ಸ್ ಮೇಷ್ಟ್ರು...

ನಾನಲ್ಲಿ ಓದುತ್ತಿದ್ದಾಗ ಒಂದು ವಾರ ಅವರು ಒಂದು ಲೆಕ್ಕ ಕೊಟ್ಟಿದ್ದರು. ಸೂರ್ಯನಿಂದ ಬರುವ ಶಾಖದಲ್ಲಿ ಒಂದು ಪಾಲು ಹಾಗೇ ವಾಪಸು ಹೋಗುತ್ತದೆ. ಉಳಿದದ್ದನ್ನು ನೆಲ ಹೀರಿಕೊಂಡು, ಅಷ್ಟನ್ನೇ ಹೊರಕ್ಕೆ ಬಿಡಬೇಕು. ಹಾಗಾದರೆ ಭೂಮಿಯ ನೆಲ ಎಷ್ಟು ಬೆಚ್ಚಗಿರುತ್ತದೆ? ನನಗೆ ಬಂದ ಉತ್ತರ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಬೇರೆಯವರಿಗೂ ಅದೇ ಬಂದಿತ್ತಂತೆ. ಇಷ್ಟು ಚಳಿ ಎಲ್ಲಾದರೂ ಉಂಟೇ ಎಂದು ನಡುವೆ ಅಂಕಿ ತಿದ್ದಿ, ಒಪ್ಪುವಂಥ ಉತ್ತರ ಬರೆದುಕೊಂಡಿದ್ದರು. ನನಗೆ ಎಲ್ಲಿ ತಿದ್ದಬೇಕೆಂದೇ ತಿಳಿಯದೆ, ಬಂದದ್ದನ್ನೇ ಕ್ಲಾಸಿನಲ್ಲಿ ಓದಿ ಹೇಳಿದೆ. ಹಿಂದಿನ ಬೆಂಚಿನವನೊಬ್ಬ, "ಇನ್ಮೇಲೆ ಮದ್ದೂರ್ ಕೆರೆ ಮೇಲೆ ನಡ್ಕಂಡೇ ಓಗ್ಬೋದು ಕಣ್ಲಾ" ಎಂದ. ಎಲ್ಲರೂ ನಕ್ಕರು.

ಮೊದಲೇ ಇಂಗ್ಲಿಷಿನಲ್ಲಿ ಹೇಳುವ ಸೈನ್ಸ್ ಪಾಠ ತಲೆಗೆ ಹತ್ತದೆ ಸೋತಿದ್ದೆ. ಸೋಮವಾರ ಆರ್ಟ್ಸಿಗೆ ಬದಲಾಯಿಸಿಕೊಳ್ಳುತ್ತೇನೆಂದು ಅಪ್ಪನಿಗೂ ಹೇಳಿಯಾಗಿತ್ತು.

ಮೇಷ್ಟ್ರು ನಗಲಿಲ್ಲ. ನನ್ನನ್ನು ಬೋರ್ಡಿಗೆ ಕರೆದು ಮೊದಲಿನಿಂದ ಮಾಡಿಸಿದರು. ಮತ್ತೆ ಅದೇ ಹದಿನೆಂಟು.

"ಲೆಕ್ಕ ಸರಿಯಾಗೈತೆ ಕಣಮ್ಮ. ಭೂಮಿಗೆ ಗಾಳಿ ಹೊದಿಸಿಲ್ಲ, ಅಷ್ಟೇಯ. ನಾನು ಕೊಟ್ಟಿದ್ರಲ್ಲೇ ಅದು ಇರ್ಲಿಲ್ಲ."

ಬೆಳಕನ್ನು ಒಳಬಿಟ್ಟು ನೆಲದ ಶಾಖವನ್ನು ತಡೆಯುವ ಒಂದು ಪದರ ಬರೆಸಿ, ಮತ್ತೆ ಲೆಕ್ಕ ಹಾಕಿಸಿದರು. ಮೂವತ್ತು ಡಿಗ್ರಿ ಬಂತು. ನಿಜವಾದ ಸರಾಸರಿ ಅದರ ಅರ್ಧ, ಗಾಳಿ ಅಷ್ಟು ದಪ್ಪ ಹೊದಿಕೆಯಲ್ಲ ಎಂದರು. ಹಿಂದಿನ ಬೆಂಚು ಮತ್ತೆ ನಗಲು ಹೊರಟಿತು.

"ಇದೂ ತಪ್ಪೇ. ಆದ್ರೆ ನಿಜ ಇವೆರಡರ ಮಧ್ಯ ಐತೆ ಅಂತ ಇವಳಿಗೆ ಗೊತ್ತಾಯ್ತು. ತಿದ್ದಿ ಬರ್ಕೊಂಡೋರಿಗೆ ಏನ್ರಪ್ಪಾ ಗೊತ್ತಾಯ್ತು?"



ಸೋಮವಾರ ನಾನು ಬದಲಾವಣೆಯ ಅರ್ಜಿ ಹಿಡಿದು ಆಫೀಸಿಗೆ ಹೋಗಲಿಲ್ಲ, ಕ್ಲಾಸಿಗೆ ಹೋದೆ. ಮುಂದೆ ಅದೇ ಪಾಠವನ್ನು ಮಂಡ್ಯದ ಕಾಲೇಜಿನಲ್ಲಿ ನಿವೃತ್ತಿಯಾಗುವವರೆಗೆ ನಾನೇ ಹೇಳಿದೆ. ಆರ್ಟ್ಸಿಗೆ ಹೊರಟಿದ್ದವಳನ್ನು ನಿಲ್ಲಿಸಿದ್ದು ನೀವು ಎಂದು ಮಾತ್ರ ಮೇಷ್ಟ್ರಿಗೆ ಹೇಳಲೇ ಇಲ್ಲ. ಪ್ರತಿ ಯುಗಾದಿಗೆ ಹೋಗುತ್ತಿದ್ದೆ, ಕಾಲಿಗೆ ನಮಸ್ಕರಿಸಿ ಕಾಫಿ ಕುಡಿದು ಬರುತ್ತಿದ್ದೆ... ಅವರು ತೀರಿಕೊಂಡು ವರ್ಷವಾಯಿತು.

ಎದ್ದು ನಿಡಘಟ್ಟದ ಅವರ ಮನೆಗೆ ಫೋನ್ ಮಾಡಿದೆ. ಮೇಷ್ಟ್ರ ಹೆಂಡತಿ ಎತ್ತಿದರು. ಎಲ್ಲವನ್ನೂ ಹೇಳಿದೆ.

"ಅವರಿದ್ದಾಗ ಏಳಿದ್ರೆ, ಓಗು ಕೆಲ್ಸ ನೋಡೋಗು ಅಂತ ಬೈಯೋರು ಕಣಮ್ಮ. ನಂಗೇಳಿದ್ದೇ ಒಳ್ಳೇದಾಯ್ತು ಬುಡು."

ಫೋನ್ ಇಟ್ಟೆ. ಆ ದಿನ ಮಾಡಬೇಕಾದ ಕೆಲಸ ಇನ್ನೇನೂ ಉಳಿದಿರಲಿಲ್ಲ.